ಗಮನಕ್ಕನ ಎಡಗೈ ಹೆಬ್ಬೆರಳು

ಆ ಬಸ್ ನಿಲ್ದಾಣದಲ್ಲಿ ಗಮನಕ್ಕನ ಮುಖ ನೋಡಿದವರು ಬೆರಳೆಣಿಕೆಯಷ್ಟು ಜನ. ದನಿ ಕೇಳದವರು ಯಾರೂ ಇಲ್ಲ. ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಕೂತು, 'ಪ್ರಯಾಣಿಕರ ಗಮನಕ್ಕೆ' ಎಂದು ಶುರುಮಾಡಿ, ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಹೇಳುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಆ ಮೊದಲ ಮಾತನ್ನೇ ಹಿಡಿದು ಡ್ರೈವರುಗಳು ಅವಳನ್ನು ಗಮನಕ್ಕ ಎಂದು ಕರೆದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಆ ಹೆಸರಾದರೂ ಮೊದಲು ಬಹಳ ಚಲಾವಣೆಯಲ್ಲಿತ್ತು ಅಂತೇನೂ ಅಲ್ಲ. ನಾಲ್ಕು ವರ್ಷ ತುಂಬುವವರೆಗೆ ಮಗು ಒಂದು ಮಾತೂ ಆಡಲಿಲ್ಲವಾಗಿ ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ 'ಮೂಗಿ' ಎಂದೇ ಕರೆಯುತ್ತಿದ್ದರು. ಮಾತು ಬಂದ ಮೇಲೂ ಆ ಹೆಸರು ಹೋಗಲಿಲ್ಲ, ಸುಮ್ಮನಿರುವ ಅಭ್ಯಾಸವೂ ಹೋಗಲಿಲ್ಲ. ಮುಂದೆ ಮದುವೆಯಾದದ್ದು ಚಪ್ಪಲಿ ಅಂಗಡಿಯ ಸೇಲ್ಸ್‌ಮನ್ ಒಬ್ಬನನ್ನು. ಆರನೇ ನಂಬರಿನ ಕಾಲಿಗೆ ಐದನೇ ನಂಬರಿನ ಶೂ ಹಾಕಿಸಿ, 'ನಡೆದ ಹಾಗೆ ಸಡಿಲ ಆಗುತ್ತೆ ಬಿಡಿ' ಎಂದು ನಗುನಗುತ್ತಾ ಕಳಿಸುವ ಬಾಯಿ ಅದು. ಮನುಷ್ಯ ಒಳ್ಳೆಯವನೇ, ಹೆಂಡತಿ ಎಂದರೆ ಪ್ರಾಣ. ಆದರೆ ಅವಳು ಏನಾದರೂ ಹೇಳೋಣವೆಂದು ತುಟಿ ಬಿಡಿಸುವಷ್ಟರಲ್ಲಿ ಅವನು ಅದನ್ನು ತನಗೆ ತೋಚಿದ ಹಾಗೆ ಹೇಳಿ ಮುಗಿಸಿಬಿಟ್ಟಿರುತ್ತಿದ್ದ. ಹೀಗಾಗಿ ಅವಳ ಮಾತಿಗೆ ತಲೆಯೆತ್ತುತ್ತಿದ್ದವರು ನಿಲ್ದಾಣದ ಜನ ಮಾತ್ರ. ಮೈಕಿನ ಗುಂಡಿ ಒತ್ತಿದರೆ ಕೆಳಗೆ ಗಲಾಟೆ ಮಾಡುತ್ತಿದ್ದ ನೂರಾರು ಜನ ಒಂದು ಗಳಿಗೆ ಸುಮ್ಮನಾಗಿ ಕೇಳುತ್ತಿದ್ದರು. ಆ ಒಂದು ಗಳಿಗೆ ಅವಳಿಗೆ ಬಹಳ ಇಷ್ಟವಾಗಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಅಂಥವಳ ದನಿ ನಾಲ್ಕು ತಿಂಗಳ ಹಿಂದೆ ಒಡೆಯಿತು. ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಮರಳು ಸುರಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಒಣಕೆಮ್ಮು, ಎದೆಯ ನಡುವೆ ಉರಿ. ಬಿಸಿನೀರು ಕುಡಿದಳು, ಹೋದವರು ಬಂದವರು ಹೇಳಿದ್ದನ್ನೆಲ್ಲ ನುಂಗಿದಳು, ಕಾಯಿಲೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ನಿಲ್ದಾಣದ ಕಂಟ್ರೋಲರ್ ಅವಳನ್ನು ಕೆಳಗೆ ಕರೆಸಿದ.

"ನಂಗೂ ಬೇಜಾರೇ ಕಣಮ್ಮ," ಎಂದ ಅವನು, ಕಾಗದದಿಂದ ಕಣ್ಣೆತ್ತದೆ. "ಆದ್ರೆ ಮೇಲಿನವರು ಸುಮ್ನಿರಲ್ಲ. ಹದಿನೈದು ದಿನ ಟೈಮ್ ಕೊಡ್ತೀನಿ. ಇದು ವಾಸಿಯಾಗೋ ಕಾಯಿಲೆ ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡು ಬಾ, ಮೈಕು ನಿಂದೇ. ಇಲ್ಲಾಂದ್ರೆ ಪಾರ್ಸೆಲ್ ರೂಮಿಗೆ ಹೋಗ್ಬೇಕಾಗುತ್ತೆ. ಅಲ್ಲೇನು, ಚೀಟಿ ಅಂಟಿಸೋದು. ಮಾತಾಡೋ ತೊಂದ್ರೇನೇ ಇಲ್ಲ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ಗಮನಕ್ಕನಿಗೆ ಸಿಕ್ಕಿದ್ದು ಹದಿನೈದು ದಿನ.

ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, ಗಂಟು ಗಿಂಟು ಏನೂ ಇಲ್ಲ ಎಂದು ಹೊಟ್ಟೆಯ ಡಾಕ್ಟರ ಹತ್ತಿರ ಕಳಿಸಿದರು. ಹೊಟ್ಟೆಯ ಡಾಕ್ಟರು ಮೆಲುಮಾತಿನ ಹೆಂಗಸು. "ಹೊಟ್ಟೆಯ ಆಸಿಡ್ ಮೇಲೆ ಬಂದು ಗಂಟಲು ಸುಡ್ತಿರಬಹುದು. ಹಾಗಿದ್ರೆ ಔಷಧಿಗೆ ವಾಸಿಯಾಗುತ್ತೆ. ಆಸಿಡ್ ಅಲ್ಲದೇ ಹೋದ್ರೆ ದನಿಯ ನರ, ಸ್ನಾಯು ಅಂತ ಬೇರೆ ಕಡೆ ಹುಡುಕ್ಬೇಕು. ಆಗ ನಾನು ಏನೂ ಭರವಸೆ ಕೊಡಕ್ಕಾಗಲ್ಲ. ಅಳತೆ ಮಾಡಿ ನೋಡೋಣ," ಎಂದರು. ಅಳತೆಯ ಯಂತ್ರ ಆ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ. ಸರದಿ ಸಿಗುವ ಹೊತ್ತಿಗೆ ಹನ್ನೆರಡು ದಿನ ಕಳೆದಿತ್ತು. ಪರೀಕ್ಷೆಗೆ ಮೊದಲು ಒಂದು ವಾರ ಉರಿಯ ಮಾತ್ರೆ ನಿಲ್ಲಿಸಬೇಕೆಂದು ಬೇರೆ ಹೇಳಿದ್ದರು. ಆ ವಾರ ಅವಳಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಪಾತ್ರೆ ತೊಳೆದಿದ್ದನ್ನೇ ತೊಳೆದಳು, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೂತಳು. ದಪ್ಪ ಕನ್ನಡಕದ ಟೆಕ್ನಿಷಿಯನ್ ಮೂಗಿನೊಳಗೆ ಮರಗಟ್ಟಿಸುವ ಮುಲಾಮು ಸವರಿ, ನೂಡಲ್ಸ್ ಎಳೆಯಷ್ಟು ಸಣ್ಣಗಿನ ನಳಿಕೆ ತೂರಿಸಿ, ಕೈಗೆ ನೀರಿನ ಲೋಟ ಕೊಟ್ಟ.

"ನುಂಗಿ ಮೇಡಂ. ನುಂಗ್ತಾ ಇರಿ. ನಿಲ್ಲಿಸ್ಬೇಡಿ."

ಕಣ್ಣಲ್ಲಿ ನೀರು, ಗಂಟಲಲ್ಲಿ ಓಕರಿಕೆ. ಆದರೂ ನುಂಗಿದಳು. "ಪರವಾಗಿಲ್ಲ, ಒಂದೇ ಸಲಕ್ಕೆ ಇಳೀತು. ಎಷ್ಟೋ ಜನ ಒದ್ದಾಡ್ತಾರೆ," ಎಂದು ಅವನು ಮೆಚ್ಚಿದ. ನುಂಗುವುದು ತನಗೆ ಹುಟ್ಟಿದಾಗಿನಿಂದ ಅಭ್ಯಾಸ ಎಂದು ಅವಳು ಹೇಳಲಿಲ್ಲ, ಅದನ್ನೂ ನುಂಗಿದಳು.

ನಳಿಕೆಯನ್ನು ಕೆನ್ನೆಗೆ ಟೇಪಿನಿಂದ ಅಂಟಿಸಿ, ಕಿವಿಯ ಹಿಂದಿನಿಂದ ತಂದು, ಅಂಗೈಯಗಲದ ಒಂದು ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಅವಳ ಹೆಗಲಿಗೆ ತೂಗುಹಾಕಿದ. "ನಳಿಕೆಯ ತುದಿ ಹೊಟ್ಟೆಯ ಬಾಯಿಗಿಂತ ಸ್ವಲ್ಪ ಮೇಲಿದೆ. ಆಸಿಡ್ ಮೇಲೆ ಬಂದ್ರೆ ಈ ಡಬ್ಬಿ ಮೇಲಿನ ಅಂಕಿ ನಾಲ್ಕಕ್ಕಿಂತ ಕೆಳಗೆ ಇಳಿಯುತ್ತೆ. ಡಬ್ಬಿ ಅದನ್ನ ಬರ್ಕೊಳ್ಳುತ್ತೆ. ಊಟ, ಮಲಗೋದು ಈ ಚೀಟೀಲಿ ಬರೀರಿ. ಕೆಮ್ಮು ಬಂದ್ರೆ, ಉರಿ ಬಂದ್ರೆ ಮಾತ್ರ ಈ ಕೆಂಪು ಗುಂಡಿ ಒತ್ತಿ. ಸದ್ದೇನೂ ಬರಲ್ಲ, ಒಳಗೆ ಗುರುತು ಬೀಳುತ್ತೆ. ಅದೇ ಮುಖ್ಯ, ಮರೀಬೇಡಿ. ಉಳಿದ ಹಾಗೆ ದಿನಾ ಹೇಗಿರ್ತೀರೋ ಹಾಗೇ ಇರಿ."

ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ದಿನಾ ಇದ್ದ ಹಾಗೆ ಇರುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಬೀದಿಯಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪ್ರತಿ ಸಲ ಎಂಜಲು ನುಂಗಿದಾಗಲೂ ಒಳಗೆ ಏನೋ ಜಗ್ಗಿತು. ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆದಳು, ನಡೆಯಲಾರದೆ ಮತ್ತೆ ಬಸ್ಸು ಹತ್ತಿದಳು.

ಹತ್ತರಿಂದ ಆರರವರೆಗೆ ಅವಳ ಪಾಳಿ. ಗಾಜಿನ ಕೋಣೆಯಲ್ಲಿ ಒಂದು ಮೇಜು, ಗಾಜಿನಡಿಯಲ್ಲಿ ವೇಳಾಪಟ್ಟಿ, ಎದುರು ಗೋಡೆಗೆ ದೊಡ್ಡ ಗಡಿಯಾರ. ಚಹಾ ಅಂಗಡಿಯಲ್ಲಿ ಬೇರು ಬಿಡುವ ಡ್ರೈವರುಗಳನ್ನು ಎಬ್ಬಿಸಲೆಂದು ಕಂಟ್ರೋಲರ್ ಆ ನಿಲ್ದಾಣದ ಗಡಿಯಾರಗಳನ್ನೆಲ್ಲ ಎರಡು ನಿಮಿಷ ಮುಂದೆ ಇಡಿಸಿದ್ದ; ಇದು ನೌಕರರಿಗೆಲ್ಲ ಗೊತ್ತು, ಪ್ರಯಾಣಿಕರಿಗೆ ಗೊತ್ತಿಲ್ಲ. ಮುಳ್ಳು ಪಟ್ಟಿಯ ನಿಮಿಷಕ್ಕೆ ಬರುತ್ತಲೇ ಘೋಷಿಸುವುದು ಗಮನಕ್ಕನ ರೂಢಿ. ಅವಳು ಬಲಗೈಯಲ್ಲಿ ಮೈಕು ಹಿಡಿದಳು. ಕೆಮ್ಮು ಯಾವಾಗ ಬಂದೀತೋ, ಗುರುತು ಎಲ್ಲಿ ತಪ್ಪೀತೋ ಎಂಬ ಭಯಕ್ಕೆ ಎಡಗೈಯಲ್ಲಿ ಡಬ್ಬಿ ಹಿಡಿದು, ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೆ ಕಾವಲಿಟ್ಟಳು. ಸಂಜೆಯವರೆಗೂ ಅದನ್ನು ಕೆಳಗಿಡಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಂದರಿಗೆ ಹೋಗುವ ಬಸ್ಸು ನಾಲ್ಕನೇ ಪ್ಲಾಟ್‌ಫಾರಂನಿಂದ ಹೊರಡಲಿದೆ."

ದನಿ ಕೊನೆಯಲ್ಲಿ ಹರಿದ ಬಟ್ಟೆಯ ಹಾಗೆ ಸೀಳಿತು. ಕೆಳಗೆ ಯಾರೋ ನಕ್ಕರು. ತನ್ನ ದನಿಗೇ ನಕ್ಕರೇನೋ ಎಂದುಕೊಂಡಳು. ಎದ್ದು ಕಿಟಕಿಯ ಹತ್ತಿರ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಡಬ್ಬಿಯ ಮೇಲೆ ಅಂಕಿ ಕಾಣುತ್ತಿತ್ತು: ಆರು, ಆರೂವರೆ, ಐದು. ನಾಲ್ಕರ ಕೆಳಗೆ ಇಳಿಯಲಪ್ಪಾ ಎಂದು ಬೇಡಿಕೊಂಡಳು. ಉರಿ ಬರಲಿ ಎಂದು ಬೇಡಿಕೊಂಡವರು ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಊಟದ ಡಬ್ಬಿ ಖಾಲಿ ಮಾಡಿದ ಮೇಲೆ ಉರಿ ಬಂತು, ಅಂಕಿ ಮೂರಕ್ಕೆ ಇಳಿಯಿತು, ಗುಂಡಿ ಒತ್ತಿದಳು. ಖುಷಿಯಾಯಿತು. ಎರಡು ನಿಮಿಷಕ್ಕೆ ಅಂಕಿ ಮತ್ತೆ ಮೇಲೇರಿದ್ದು ಕಂಡು ಖುಷಿಯೂ ಹೋಯಿತು.

ಸಂಜೆ ಮನೆಗೆ ಬಂದಾಗ ಬಾಗಿಲು ತೆಗೆದ ಅತ್ತೆ ಅವಳ ಮುಖ ನೋಡಿ, "ಏನಮ್ಮಾ ಇದು, ಮೂಗುದಾರ ಹಾಕಿಸ್ಕೊಂಡು ಬಂದಿದೀಯ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಮೂಗುದಾರ ಹಾಕ್ಬೇಕಾಗಿದ್ದು ಇನ್ನೊಬ್ರಿಗೆ," ಎಂದು ಒಳಗೆ ಹೋದರು.

ಎಂಟು ಗಂಟೆ ದಾಟಿದ ಮೇಲೆ ಮೂವರೂ ಊಟಕ್ಕೆ ಕೂತರು. ಅವಳ ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಎಡಗೈ. ಗಂಡ ಅಂದಿನ ಗಿರಾಕಿಗಳ ಕಥೆಯನ್ನೆಲ್ಲ ಹೇಳಿ ಮುಗಿಸಿ ಅವಳ ಕಥೆಗೆ ಬಂದ.

"ನಾಳೆ ರಿಪೋರ್ಟ್ ಏನೇ ಬರ್ಲಿ, ನೀನು ತಲೆ ಕೆಡಿಸ್ಕೋಬೇಡ. ನಿನ್ನ ಕಂಟ್ರೋಲರ್ ಹತ್ರ ನಾನೇ ಮಾತಾಡ್ತೀನಿ. ಪಾರ್ಸೆಲ್ ರೂಮೇ ಕೊಟ್ಬಿಡಿ ಸಾರ್ ಅಂತೀನಿ. ಇಪ್ಪತ್ತೆರಡು ವರ್ಷ ಕಿರುಚಿದ್ದು ಸಾಕು. ಅಲ್ಲಿ ನೆಮ್ಮದಿಯಾಗಿ ಕೂತ್ಕೋ. ನಿಂಗೂ ಅದೇ ಇಷ್ಟ, ನಂಗೊತ್ತಿಲ್ವಾ? ಮದುವೆಯಾದಾಗಿಂದ ನೋಡ್ತಿದೀನಿ, ನಿಂಗೆ ಮಾತು ಅಂದ್ರೇ ಆಗಲ್ಲ."

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? "ಅವಳನ್ನೂ ಒಂದು ಮಾತು ಕೇಳೋ," ಎಂದರು ಅತ್ತೆ. ಗಮನಕ್ಕ ತಲೆಯೆತ್ತಿದಳು. ತುಟಿ ಬಿಡಿಸಿದಳು. ಅಷ್ಟರಲ್ಲಿ ಅವನು, "ಕೇಳೋದೇನಮ್ಮಾ, ಅವಳ ಮನಸ್ಸು ನಂಗೊತ್ತು," ಎಂದು ನೀರಿನ ಜಗ್ಗಿಗೆ ಕೈ ಚಾಚಿದ. ಅವಳು ತುಟಿ ಮುಚ್ಚಿದಳು. ಆ ರಾತ್ರಿ ನಳಿಕೆ ಜಗ್ಗದ ಹಾಗೆ ಮಗ್ಗುಲು ಬದಲಿಸುವುದು ಹೇಗೆಂದು ಲೆಕ್ಕ ಹಾಕುತ್ತಲೇ ಬೆಳಗಾಯಿತು.

ಮರುದಿನ ಎಂಟಕ್ಕೆ ಗಂಡನೂ ಜೊತೆಗೆ ಬಂದ. ನಳಿಕೆ ಈಚೆ ಬಂದಾಗ ಅವಳಿಗೆ ಮೂಗಿನ ಜೊತೆಗೆ ಜೀವವೂ ಹಗುರವಾದ ಹಾಗಾಯಿತು. ಟೆಕ್ನಿಷಿಯನ್ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಉದ್ದನೆಯ ಗೆರೆಯ ನಕ್ಷೆ ಅಚ್ಚು ಹಾಕಿ ಮೇಜಿನ ಮೇಲೆ ಹರಡಿದ. ಹಾಗೇ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ನೋಡಿದ. ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ.

ಡಾಕ್ಟರು ನಕ್ಷೆಯ ಮೇಲೆ ಬಗ್ಗಿದರು. "ಒಟ್ಟು ಆಸಿಡ್ ಗಡಿಯ ಮೇಲೇ ನಿಂತಿದೆ. ಜಾಸ್ತಿ ಅಂತಲೂ ಹೇಳಕ್ಕಾಗಲ್ಲ, ಇಲ್ಲ ಅಂತಲೂ ಹೇಳಕ್ಕಾಗಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲ ಡಾಕ್ಟ್ರೇ," ಎಂದ ಗಂಡ.

"ಅದಕ್ಕೇ ಗುಂಡಿಯ ಗುರುತು ಬೇಕಾಗಿದ್ದು. ಆಸಿಡ್ ಬಂದಾಗಲೇ ಕೆಮ್ಮು ಬಂದಿದ್ರೆ ಆಸಿಡ್ಡೇ ಕಾರಣ ಅಂತ ಧೈರ್ಯವಾಗಿ ಬರೀಬಹುದಿತ್ತು. ಆದ್ರೆ ಇಲ್ಲಿ ನೋಡಿ, ಎಪ್ಪತ್ತನಾಲ್ಕು ಸಲ ಒತ್ತಿದಾರೆ. ಹತ್ತು ಸಲ, ಹದಿನೈದು ಸಲ ಒತ್ತೋರನ್ನ ನೋಡಿದೀನಿ. ಇದರಲ್ಲಿ ಬಹಳಷ್ಟು ಕಡೆ ಆಸಿಡ್ಡೇ ಇಲ್ಲ. ಹೀಗಿದ್ರೆ ಈ ಪರೀಕ್ಷೆಗೆ ಬೆಲೆ ಇಲ್ಲಮ್ಮ. ಇನ್ನೊಂದು ಸಲ ಮಾಡ್ಬೇಕು."

"ಮುಂದಿನ ಸರದಿ ಐದು ವಾರಕ್ಕೆ," ಎಂದ ಟೆಕ್ನಿಷಿಯನ್, ಪುಸ್ತಕ ತಿರುವಿ.

ಗಮನಕ್ಕನ ಹದಿನೈದು ದಿನದಲ್ಲಿ ಉಳಿದಿದ್ದು ಎರಡು. ಅಷ್ಟೊಂದು ಸಲ ತಾನು ಒತ್ತಿಯೇ ಇಲ್ಲ. ಲೆಕ್ಕವಿಟ್ಟಿರಲಿಲ್ಲ, ಆದರೂ ಗೊತ್ತು.

"ನಂಗೊತ್ತಿತ್ತು," ಗಂಡ ಶುರು ಮಾಡಿದ, "ಇವಳಿಗೆ ಗಾಬರಿ ಜಾಸ್ತಿ ಡಾಕ್ಟ್ರೇ, ಸುಮ್ಸುಮ್ನೆ ಒತ್ತಿರ್ತಾಳೆ. ಇರ್ಲಿ ಬಿಡಿ, ಪಾರ್ಸೆಲ್ ರೂಮಿಗೆ ಹೋಗ್ತಾಳೆ, ನಾನೇ ಕಂಟ್ರೋಲರ್ ಹತ್ರ..."

ಟೆಕ್ನಿಷಿಯನ್ ಅಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಗುರುತುಗಳ ಹೊತ್ತನ್ನು ಓದುತ್ತಿದ್ದ. "ಹತ್ತು ಎಂಟು. ಹತ್ತು ಹದಿನೆಂಟು. ಹತ್ತು ಇಪ್ಪತ್ಮೂರು. ಹತ್ತು ಮೂವತ್ಮೂರು..."

ಅವಳ ತುಟಿ ತಾನಾಗಿಯೇ ಅಲುಗಿತು. ಬಲಗೈಯ ತೋರುಬೆರಳು ಮೇಜಿನ ಮೇಲೆ, ಅಲ್ಲಿ ಇಲ್ಲದ ಒಂದು ಪಟ್ಟಿಯ ಮೇಲೆ ಕೆಳಗೆ ಜಾರಿತು. ಹತ್ತು ಹತ್ತು, ಬಂದರು. ಹತ್ತು ಇಪ್ಪತ್ತು, ಬೆಟ್ಟದ ದಾರಿ. ಹತ್ತು ಇಪ್ಪತ್ತೈದು, ಗಿರಣಿ. ಹತ್ತು ಮೂವತ್ತೈದು, ಹೊಳೆಯಾಚೆ. ಎಲ್ಲದರಲ್ಲೂ ಎರಡು ನಿಮಿಷ ಕಡಿಮೆ! ಎಡಗೈ ನೋಡಿಕೊಂಡಳು. ಬಲಗೈ ಹೆಬ್ಬೆರಳನ್ನು ಮೈಕಿನ ಗುಂಡಿ ಒತ್ತುವ ಹಾಗೆ ಗಾಳಿಯಲ್ಲಿ ಬಗ್ಗಿಸಿ ನೋಡಿದಳು. ಎಡಗೈ ಹೆಬ್ಬೆರಳೂ ಒಳ್ಳೆ ತಂಗಿಯ ಹಾಗೆ ಅಕ್ಕನ ಜೊತೆ ಬಗ್ಗಿತು.

"ನಿಲ್ಸಿ," ಎಂದಳು.

ಗಂಡನೂ ನಿಲ್ಲಿಸಿದ, ಟೆಕ್ನಿಷಿಯನ್ನೂ ನಿಲ್ಲಿಸಿದ.

"ಇದು ನನ್ನ ಕೆಮ್ಮಲ್ಲ. ಇದು ಬಸ್ಸು. ಮೈಕ್ ಒತ್ತಿದಾಗೆಲ್ಲ ಈ ಕೈನೂ ಒತ್ತಿಬಿಟ್ಟಿದೆ. ನಮ್ಮ ನಿಲ್ದಾಣದ ಗಡಿಯಾರ ಎರಡು ನಿಮಿಷ ಮುಂದಿದೆ, ಅದಕ್ಕೆ ನಿಮ್ಮ ಹೊತ್ತಿಗೆ ಎರಡು ಸೇರಿಸ್ಬೇಕು. ಬರ್ಕೊಳ್ಳಿ, ನಾನು ಹೇಳ್ತೀನಿ. ಬಸ್ಸಿನ ಗುರುತೆಲ್ಲ ಹೊಡೆದುಹಾಕಿ."

"ನೀವು ಅದೇ ನಿಮಿಷಕ್ಕೆ ಹೇಳಿದೀರಿ ಅಂತ ಹೇಗೆ ನಂಬೋದು ಮೇಡಂ? ಬಸ್ಸು ತಡ ಆಗಲ್ವಾ?"

"ಬಸ್ಸು ತಡ ಆಗುತ್ತೆ. ನಾನು ಆಗಲ್ಲ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಟೆಕ್ನಿಷಿಯನ್ ಕೆಂಪು ಪೆನ್ಸಿಲ್ ತೆಗೆದ. ಗಮನಕ್ಕ ಕಣ್ಣು ಮುಚ್ಚಿಕೊಂಡಳು. ವೇಳಾಪಟ್ಟಿ ಅವಳಿಗೆ ಬಾಯಿಪಾಠ. ಹತ್ತು ಹತ್ತರಿಂದ ಶುರುಮಾಡಿ ಒಂದೊಂದೇ ಬಸ್ಸನ್ನು ಹೊರಡಿಸಿದಳು. ದನಿ ಸೀಳಿತು, ಕೆಮ್ಮು ಬಂತು, ನೀರು ಕುಡಿದು ಮುಂದುವರಿಸಿದಳು. ಪ್ರತಿ ಸಲ ಟೆಕ್ನಿಷಿಯನ್, "ಇದೆ," ಎಂದು ಒಂದು ಗುರುತಿಗೆ ಗೀಟು ಹಾಕಿದ. ಮಧ್ಯೆ ಒಂದು ಕಡೆ, "ಎರಡು ನಲವತ್ತು," ಎಂದಾಗ ಅವನು, "ಇಲ್ಲ ಮೇಡಂ," ಎಂದ. ಅವಳು ಕಣ್ಣು ತೆರೆಯದೆ, "ಹೌದಲ್ಲ, ನಿನ್ನೆ ಆ ಬಸ್ಸು ರದ್ದಾಗಿತ್ತು," ಎಂದಳು. ಡಾಕ್ಟರು ನಕ್ಕುಬಿಟ್ಟರು. ಅಲ್ಲಿಂದ ಮುಂದೆ ಯಾರಿಗೂ ಅನುಮಾನ ಉಳಿಯಲಿಲ್ಲ. ಗಂಡ ಮೂಲೆಯ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಹೆಂಡತಿ ಒಂದೇ ಸಮನೆ ಇಷ್ಟು ಹೊತ್ತು ಮಾತಾಡಿದ್ದನ್ನು ಅವನು ಕಂಡದ್ದು ಅದೇ ಮೊದಲು.

ಪಟ್ಟಿಯ ಕೊನೆಯ, ಸಂಜೆ ಐದು ಐವತ್ತೈದರ ಬಸ್ಸನ್ನು ಹೊರಡಿಸುವ ಹೊತ್ತಿಗೆ ಅರವತ್ತೊಂದು ಗುರುತುಗಳಿಗೆ ಗೀಟು ಬಿದ್ದಿತ್ತು. ಉಳಿದದ್ದು ಹದಿಮೂರು. ಡಾಕ್ಟರು ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಹತ್ತು ಕಡೆ ಗೆರೆ ನಾಲ್ಕರ ಕೆಳಗೆ ಧುಮುಕಿತ್ತು, ಧುಮುಕಿದ ನಿಮಿಷದೊಳಗೇ ಗುರುತು.

"ಆಸಿಡ್ಡೇ," ಎಂದರು ಡಾಕ್ಟರು. "ಬೇರೇನಲ್ಲ. ಎರಡು ಮೂರು ತಿಂಗಳು ಔಷಧಿ ತಗೊಳ್ಳಿ, ದನಿ ದಾರಿಗೆ ಬರುತ್ತೆ. ವಾಸಿಯಾಗೋ ಕಾಯಿಲೆ ಅಂತಾನೇ ಬರ್ಕೊಡ್ತೀನಿ."

ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. ಗಮನಕ್ಕ ಆ ಕಾಗದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅಳು ಬಂತು, ಅತ್ತಳು. ಆದರೂ ಒಳಗಿನ ತಳಮಳ ನಿಂತಿರಲಿಲ್ಲ. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಲೆಕ್ಕ ಸರಿಹೋಗದೆ ಬಿಡದ ಜಾತಿಯವನು ಆ ಟೆಕ್ನಿಷಿಯನ್. "ಮೂರು ಉಳೀತು ಮೇಡಂ," ಎಂದ. "ಮಧ್ಯಾಹ್ನದ್ದು ಎರಡು."

"ಅದು ಬರೀ ಕೆಮ್ಮು. ಯಾರೋ ಕಿಟಕಿ ಕೆಳಗೆ ಬೀಡಿ ಸೇದಿದ್ರು."

"ಸರಿ. ಇನ್ನೊಂದು ರಾತ್ರಿ ಎಂಟು ಹದಿನಾರಕ್ಕಿದೆ. ಆಸಿಡ್ ಇಲ್ಲ. ಆ ಹೊತ್ತಿಗೆ ನೀವು ಊಟ ಮಾಡ್ತಿದ್ರಿ ಅಂತ ಚೀಟೀಲಿದೆ. ಕೆಮ್ಮು ಬಂತಾ?"

"ಇಲ್ಲ."

"ಉರಿ?"

"ಇಲ್ಲ."

"ಹಾಗಾದ್ರೆ ಯಾಕೆ ಒತ್ತಿದ್ರಿ? ಅಲ್ಲಿ ಬಸ್ಸೂ ಇರಲಿಲ್ವಲ್ಲ."

ಗಮನಕ್ಕ ನಕ್ಷೆಯ ಮೇಲಿನ ಆ ಒಂದೇ ಒಂದು ಗುರುತನ್ನು ನೋಡಿದಳು. ಊಟದ ಮೇಜು, ತೊಡೆಯ ಮೇಲಿನ ಡಬ್ಬಿ, ಗಂಡ ನೀರಿಗೆ ಚಾಚಿದ ಕೈ ಎಲ್ಲ ಕಣ್ಣ ಮುಂದೆ ಬಂತು.

"ಅಲ್ಲಿ ಏನೋ ಹೇಳ್ಬೇಕು ಅಂತಿದ್ದೆ," ಎಂದಳು. "ಹೇಳ್ಲಿಲ್ಲ."

ಟೆಕ್ನಿಷಿಯನ್ ಪೆನ್ಸಿಲ್ ಕೆಳಗಿಟ್ಟ. ಸ್ಟೂಲಿನ ಮೇಲಿಂದ ಗಂಡ ಎದ್ದು ಬಂದು ನಕ್ಷೆಯ ಮೇಲೆ ಬಗ್ಗಿದ. ಎಂಟು ಹದಿನಾರು ಎಂಬುದನ್ನು ಬೆರಳಿಟ್ಟು ಓದಿದ. ಅವನ ಮುಖ ಸಣ್ಣದಾಯಿತು.

"ಏನು ಹೇಳ್ಬೇಕಿತ್ತು?" ಎಂದ.

"ನಂಗೆ ಮಾತು ಅಂದ್ರೆ ಆಗಲ್ಲ ಅಂದ್ರಲ್ಲ ನೀವು, ಅದು ಸುಳ್ಳು ರೀ. ನಂಗೆ ಮಾತು ಅಂದ್ರೆ ಬಹಳ ಇಷ್ಟ. ಪಾರ್ಸೆಲ್ ರೂಮಿಗೆ ಹಾಕಿದ್ರೆ ನಾನು ಮತ್ತೆ ಮೂಗಿ ಆಗ್ತೀನಿ. ನಂಗೆ ಅದು ಬೇಡ."

ಗಂಡ ಅಭ್ಯಾಸಬಲದಿಂದ ಬಾಯಿ ತೆರೆದ. ಅವಳನ್ನು ನೋಡಿದ, ನಕ್ಷೆಯನ್ನು ನೋಡಿದ, ಬಾಯಿ ಮುಚ್ಚಿದ. ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತು, "ಇನ್ನೇನಿದೆ, ಹೇಳು," ಎಂದ.